ಎಲೆಯ ಮೇಲೆ ಬರೆದ ಜೀವನಚರಿತ್ರೆ

ಹೂವಿನ ಪಕ್ಕದಲ್ಲಿ ಚಿಟ್ಟೆಯನ್ನು ಚಿತ್ರಿಸುವ ಪದ್ಧತಿ ಯುರೋಪಿನ ಕಲಾವಿದರಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದಿತು. ಆದರೆ ಆ ಚಿತ್ರಗಳಲ್ಲಿ ಚಿಟ್ಟೆಯು ಹೂಗೊಂಚಲಿನ ಶೋಭೆಗಾಗಿ ಬಂದು ಕುಳಿತ ಅತಿಥಿಯೇ ಹೊರತು, ಆ ಗಿಡದ ಎಲೆಯನ್ನುಂಡು ಬೆಳೆದ ಮನೆಮಗುವಲ್ಲ. ಕೀಟಗಳು ಕೆಸರಿನಿಂದಲೂ ಕೊಳೆತ ಪದಾರ್ಥಗಳಿಂದಲೂ ತಾವಾಗಿಯೇ ಹುಟ್ಟುವುವೆಂಬ ಪುರಾತನ ನಂಬಿಕೆ ವಿದ್ವಾಂಸರಲ್ಲಿಯೂ ಅಳಿಯದಿದ್ದ ಹದಿನೇಳನೆಯ ಶತಮಾನದಲ್ಲಿ, ಗಿಡಕ್ಕೂ ಹುಳುವಿಗೂ ಇರುವ ಬಾಂಧವ್ಯವನ್ನು ಕುಂಚದಿಂದ ಪ್ರತ್ಯಕ್ಷಗೊಳಿಸಿದವಳು ಮರಿಯಾ ಸಿಬಿಲ್ಲಾ ಮೇರಿಯನ್.

1647ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಜನಿಸಿದ ಆಕೆಗೆ ಕಲೆ ಮನೆತನದ ವೃತ್ತಿ. ತಾಮ್ರಫಲಕಗಳ ಕೆತ್ತನೆಯಲ್ಲಿ ಹೆಸರಾಂತ ತಂದೆ ಆಕೆಯ ಶೈಶವದಲ್ಲಿಯೇ ತೀರಿಕೊಳ್ಳಲು, ತಾಯಿಯ ಕೈಹಿಡಿದ ಯಾಕೋಬ್ ಮಾರೆಲ್ ಎಂಬ ಪುಷ್ಪಚಿತ್ರಕಾರನೇ ಗುರುವಾದನು. 13ನೆಯ ವಯಸ್ಸಿನಲ್ಲಿ ರೇಷ್ಮೆಹುಳುಗಳನ್ನು ಸಾಕತೊಡಗಿದ ಬಾಲಿಕೆ ಅನಂತರ ಕಂಬಳಿಹುಳುಗಳನ್ನರಸಿ ಹೊರಟಳು. ಯಾವ ಹುಳು ಯಾವ ಎಲೆಯನ್ನು ಮೆಲ್ಲುವುದು, ಎಂದು ಪೊರೆ ಕಳಚುವುದು, ಎಷ್ಟು ದಿನ ಗೂಡಿನೊಳಗೆ ನಿಶ್ಚಲವಾಗಿರುವುದು ಎಂಬುದನ್ನೆಲ್ಲ ವರ್ಷಗಟ್ಟಲೆ ಕಾದು ಕಂಡು, 1679ರಲ್ಲಿ 50 ಫಲಕಗಳುಳ್ಳ ಗ್ರಂಥವನ್ನು, ಪಂಡಿತರ ಲ್ಯಾಟಿನ್ನಿನಲ್ಲಲ್ಲದೆ ತನ್ನ ಜರ್ಮನ್ ನುಡಿಯಲ್ಲಿಯೇ ಪ್ರಕಟಿಸಿದಳು.

ಆಮೇಲೆ ಆಮ್‌ಸ್ಟರ್‌ಡಾಮಿನಲ್ಲಿ ನೆಲಸಿದ ಮೇರಿಯನ್, ದೂರದೇಶಗಳಿಂದ ಬಂದ ಚಿಟ್ಟೆಗಳನ್ನು ಶ್ರೀಮಂತರ ಸಂಗ್ರಹಗಳಲ್ಲಿ ಕಂಡಳು. ಅವುಗಳ ರೆಕ್ಕೆಗಳಿದ್ದುವು, ಬಾಲ್ಯವಿರಲಿಲ್ಲ. ಆ ಬಾಲ್ಯವನ್ನು ಕಾಣುವ ಹಂಬಲದಿಂದ, 1699ರಲ್ಲಿ, ತನ್ನ 52ನೆಯ ವಯಸ್ಸಿನಲ್ಲಿ, ಕಿರಿಯ ಮಗಳು ಡೊರೊಥಿಯಾಳೊಡನೆ ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗೇರಿದಳು. ಸಕ್ಕರೆಯೊಂದನ್ನೇ ಬಲ್ಲ ಅಲ್ಲಿನ ತೋಟದೊಡೆಯರು, ಹುಳುಗಳನ್ನರಸುವ ಆಕೆಯನ್ನು ಕಂಡು ನಕ್ಕರು. ವ್ಯಾಧಿಗ್ರಸ್ತಳಾಗಿ 1701ರಲ್ಲಿ ಮರಳಿದವಳು 1705ರಲ್ಲಿ, ಸುರಿನಾಮಿನ ಕೀಟಗಳ ರೂಪಾಂತರವನ್ನು ಕುರಿತ ಮಹಾಗ್ರಂಥವನ್ನು 60 ಫಲಕಗಳೊಡನೆ ಹೊರತಂದಳು. ಮೊಟ್ಟೆ, ಹುಳು, ಕೋಶ, ಚಿಟ್ಟೆ ಇವೆಲ್ಲವೂ ತಮ್ಮ ಅನ್ನದಾತೃವಾದ ಗಿಡದ ಮೇಲೆಯೇ ಒಟ್ಟಾಗಿ ಕಾಣುವ ಆ ಪುಟಗಳಲ್ಲಿ, ಕಾಲವೇ ಒಂದು ಕೊಂಬೆಯ ಮೇಲೆ ಹಬ್ಬಿದೆ.

ಆದರೆ ಆ ಕಾಡಿನಲ್ಲಿ ಕೊಡಲಿ ಹಿಡಿದು ಆಕೆಗೆ ದಾರಿ ತೆರೆದವರು ಗುಲಾಮರು. ಗಿಡಗಳ ಗುಣವನ್ನರುಹಿದವರಲ್ಲಿ ಗುಲಾಮ ಸ್ತ್ರೀಯರೂ ಇದ್ದರು. ನಾವು ರತ್ನಗಂಧಿಯೆಂದು ಕರೆದು ಅಂಗಳದಲ್ಲಿ ಬೆಳೆಸುವ ಹೂವಿನ ಫಲಕದ ವಿವರಣೆಯಲ್ಲಿ, ತಮ್ಮ ಮಕ್ಕಳು ದಾಸ್ಯಕ್ಕೆ ಹುಟ್ಟಬಾರದೆಂದು ಆ ಸ್ತ್ರೀಯರು ಅದರ ಬೀಜವನ್ನು ಗರ್ಭಪಾತಕ್ಕೆ ಬಳಸುತ್ತಿದ್ದರೆಂದೂ, ಅದನ್ನು ಅವರ ಬಾಯಿಂದಲೇ ಕೇಳಿದೆನೆಂದೂ ಮೇರಿಯನ್ ಬರೆದಿದ್ದಾಳೆ. ಹುಳುವಿನ ಬಾಲ್ಯವನ್ನರಸಿ ಸಮುದ್ರ ದಾಟಿದವಳಿಗೆ, ಹುಟ್ಟದೆಯೇ ಹೋದ ಮಕ್ಕಳ ಕಥೆಯೂ ಅಲ್ಲಿ ಕೇಳಿಸಿತು. ಹೇಳಿದ ತಾಯಂದಿರ ಹೆಸರನ್ನು ಮಾತ್ರ ಗ್ರಂಥವು ಉಳಿಸಲಿಲ್ಲ. ನಮ್ಮ ರತ್ನಗಂಧಿ ಅರಳುವಾಗ, ಎಲೆಯಡಿಯ ಹುಳುವಿನೊಡನೆ ಅವರನ್ನೂ ನೆನೆಯುವುದು ನಾವು ಸಲ್ಲಿಸಬೇಕಾದ ಋಣ.