ಭೂಮಿಯ ಗುರುಬಲ

1994ರ ಜುಲೈನಲ್ಲಿ ಶೂಮೇಕರ್-ಲೆವಿ 9 ಧೂಮಕೇತುವಿನ ಚೂರುಗಳು ಒಂದರ ಹಿಂದೊಂದು ಗುರುವಿಗೆ ಬಡಿದದ್ದನ್ನು ಲೋಕವೆಲ್ಲ ಕಂಡಿತು. ಗುರು ಇಲ್ಲದಿದ್ದರೆ ಭೂಮಿಗೆ ಬೀಳುವ ಧೂಮಕೇತುಗಳು ಸುಮಾರು ಸಾವಿರ ಪಟ್ಟು ಹೆಚ್ಚುತ್ತಿದ್ದವು ಎಂದು ಗ್ರಹವಿಜ್ಞಾನಿ ಜಾರ್ಜ್ ವೆದರಿಲ್ ಲೆಕ್ಕ ಕೊಟ್ಟದ್ದೂ ಅದೇ ವರ್ಷ. ಅಲ್ಲಿಂದ ಗುರುವಿಗೆ ಕಾವಲುಗಾರನ ಪಟ್ಟ ಗಟ್ಟಿಯಾಯಿತು. ಮದುವೆಗೂ ಗುರುಬಲ ಕೇಳುವ ನಮ್ಮ ಕಿವಿಗೆ ಈ ಮಾತು ಹಿತವಾಗಿಯೇ ಕೇಳುತ್ತದೆ. ಆದರೆ ಈ ಕಾವಲುಗಾರನ ಹಳೆಯ ಕಡತದಲ್ಲಿ ಬೇರೆ ದಾಖಲೆಯಿದೆ. 1770ರ ಜುಲೈ 1ರಂದು ಒಂದು ಧೂಮಕೇತು ಭೂಮಿಯಿಂದ ಬರೀ 22 ಲಕ್ಷ ಕಿಲೋಮೀಟರಿನಷ್ಟು, ಎಂದರೆ ಚಂದ್ರನಿಗಿಂತ ಆರು ಪಟ್ಟು ದೂರದಲ್ಲಿ ಹಾದುಹೋಯಿತು. ಅದನ್ನು ಮೊದಲು ಕಂಡವರು ಖಗೋಳಜ್ಞ ಮೆಸ್ಸಿಯೆ, ಹಾದಿಯ ಲೆಕ್ಕ ಬಿಡಿಸಿದವರು ಗಣಿತಜ್ಞ ಆಂಡರ್ಸ್ ಲೆಕ್ಸೆಲ್. 1767ರಲ್ಲಿ ಅದನ್ನು ನಮ್ಮತ್ತ ತಿರುಗಿಸಿದ್ದು ಗುರು. 1779ರಲ್ಲಿ ಹೊರಗೆ ದಬ್ಬಿದ್ದೂ ಅದೇ ಗುರು. 2008ರಲ್ಲಿ ಖಗೋಳಜ್ಞರಾದ ಹಾರ್ನರ್ ಮತ್ತು ಜೋನ್ಸ್ ಅಲ್ಪಾವಧಿಯ ಧೂಮಕೇತುಗಳಾಗಬಲ್ಲ ಹಿಮಕಾಯಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದಾಗ, ಗುರು ಇದ್ದರೂ ಇಲ್ಲದಿದ್ದರೂ ಅವುಗಳಿಂದ ಭೂಮಿಗೆ ಬೀಳುವ ಪೆಟ್ಟು ಹೆಚ್ಚುಕಡಿಮೆ ಒಂದೇ ಎಂದು ಕಂಡಿತು. ಅತಿ ಹೆಚ್ಚು ಪೆಟ್ಟು ಬಿದ್ದದ್ದು ಲೆಕ್ಕದಲ್ಲಿ ಗುರುವಿನ ತೂಕವನ್ನು ಸುಮಾರು ಶನಿಯಷ್ಟಕ್ಕೆ ಇಳಿಸಿದಾಗ. ವೆದರಿಲ್ ಲೆಕ್ಕ ಹಾಗಾದರೆ ಸುಳ್ಳೇ? ಅಷ್ಟು ಹೇಳಲಾಗದು. ಬಲು ದೂರದಿಂದ ಬರುವ ಧೂಮಕೇತುಗಳ ಮಟ್ಟಿಗೆ ಗುರುವಿನ ಕಾವಲಿಗೆ ಒಂದಿಷ್ಟು ಅರ್ಥವಿದೆ. ನಮಗಿರುವ ಅಪಾಯದಲ್ಲಿ ಅವುಗಳ ಪಾಲೇ ಚಿಕ್ಕದು.

ಗುರುವಿನ ನಿಜವಾದ ಕೈವಾಡವನ್ನು ಹುಡುಕಬೇಕಾದದ್ದು ಭೂಮಿ ಇನ್ನೂ ರೂಪುಗೊಳ್ಳುತ್ತಿದ್ದ ಕಾಲದಲ್ಲಿ, ಸುಮಾರು 456 ಕೋಟಿ ವರ್ಷಗಳ ಹಿಂದೆ. ಅದಕ್ಕೆ ಸಾಕ್ಷಿ ಉಲ್ಕಾಶಿಲೆಗಳು. ಅವುಗಳ ಮಾಲಿಬ್ಡಿನಮ್ ಮತ್ತು ಟಂಗ್‌ಸ್ಟನ್ ಐಸೊಟೋಪುಗಳನ್ನು ಅಳೆದರೆ ಎರಡು ಕುಲಗಳು ಎದ್ದು ಕಾಣುತ್ತವೆ. ಒಂದೇ ಕಾಲದಲ್ಲಿ ಬೆಳೆದರೂ ಲಕ್ಷಾಂತರ ವರ್ಷ ಒಂದರೊಡನೊಂದು ಬೆರೆಯದ ಕುಲಗಳು. ನಡುವೆ ಯಾವುದೋ ಅಡ್ಡಗಟ್ಟೆ ಇದ್ದಿರಲೇಬೇಕು. ಸೌರವ್ಯೂಹದ ಮೊದಲ ಹತ್ತು ಲಕ್ಷ ವರ್ಷಗಳೊಳಗೇ ಭೂಮಿಯ 20 ಪಟ್ಟು ತೂಕಕ್ಕೆ ಬೆಳೆದ ಗುರುವೇ ಆ ಕಟ್ಟೆ ಎಂದು ಜರ್ಮನಿಯ ಮ್ಯೂನ್‌ಸ್ಟರ್‌ನ ಥಾಮಸ್ ಕ್ರೂಯರ್ ಮತ್ತು ಸಂಗಡಿಗರು 2017ರಲ್ಲಿ ವಾದಿಸಿದರು. ಮೇಲಿನ ಗದ್ದೆಯವ ಒಡ್ಡು ಹಾಕಿದರೆ ಕೆಳಗಿನ ಗದ್ದೆಗೆ ನೀರು ಸಣ್ಣಗಾಗುವಂತೆ, ಹೊರಗಿನಿಂದ ಸೂರ್ಯನತ್ತ ಹರಿಯುತ್ತಿದ್ದ ಧೂಳು, ಹಿಮ, ಹರಳುಗಳಿಗೆ ತಡೆ ಬಿತ್ತು. ಬೇರೆ ನಕ್ಷತ್ರಗಳ ಬಳಿ ಧಾರಾಳವಾಗಿ ಸಿಗುವ, ಭೂಮಿಗಿಂತ ದೊಡ್ಡ ಗ್ರಹಗಳು ನಮ್ಮಲ್ಲಿ ಒಂದೂ ಬುಧನ ಒಳಗೆ ಸುತ್ತದಿರುವುದಕ್ಕೂ ಇದೇ ಕಾರಣವಿರಬಹುದು. ಆ ಅಡ್ಡಗಟ್ಟೆ ಗುರುವಿನದಲ್ಲ, ಆಗ ಸೂರ್ಯನ ಸುತ್ತ ಹರಡಿದ್ದ ಅನಿಲದ ತಟ್ಟೆಯಲ್ಲೇ ಎದ್ದ ಒತ್ತಡದ ಏರಿ ಎಂಬ ಆಕ್ಷೇಪವೂ ಇದೆ. ತೂಕದ ಆಕ್ಷೇಪವೇ, ಆದರೆ ಅಂಥ ಏರಿಯ ಬಳಿಯೇ ಹರಳುಗಳು ರಾಶಿಬಿದ್ದು ದೈತ್ಯ ಗ್ರಹ ಮೊಳೆಯುವುದು ಸುಲಭವಾದ್ದರಿಂದ, ಎರಡು ವಾದಗಳ ನಡುವಿನ ಜಗಳ ಯಾರು ಮೊದಲು ಎಂಬುದಕ್ಕೆ ಇಳಿಯುತ್ತದೆ. ನೀರಿನ ಲೆಕ್ಕ ಇನ್ನೂ ತೊಡಕಿನದು. ಗುರು ಚದುರಿಸಿದ ಹೊರಗಿನ ಕ್ಷುದ್ರಗ್ರಹಗಳು ನಮಗೆ ಕಡಲು ತಂದವು ಎಂಬ ಮಾತಿತ್ತು. ಒಳವಲಯದ ಒಣ ಶಿಲೆಗಳೆನಿಸಿದ್ದ ಎನ್‌ಸ್ಟಟೈಟ್ ಉಲ್ಕೆಗಳಲ್ಲೂ ಸಾಕಷ್ಟು ಹೈಡ್ರೊಜನ್ ಇದೆಯೆಂದು 2020ರಲ್ಲಿ ತೋರಿದ ಮೇಲೆ ಆ ಉಪಕಾರದ ಬಾಬತ್ತು ಕಿರಿದಾಗಿದೆ. ಗುರು ಕೊಟ್ಟದ್ದಕ್ಕಿಂತ ತಡೆದದ್ದೇ ದೊಡ್ಡದು ಎಂಬುದಕ್ಕೆ ಇದು ಇನ್ನಷ್ಟು ಪುಷ್ಟಿ. ತಡೆಯ ಏಟು ಎಲ್ಲರಿಗೂ ಒಂದೇ ಸಮ ಬಿದ್ದಿರಲಿಕ್ಕಿಲ್ಲ: ಗುರುವಿಗೆ ಇನ್ನೂ ಹತ್ತಿರವಿದ್ದ ಮಂಗಳ ಭೂಮಿಯ ಹತ್ತನೇ ಒಂದು ಪಾಲು ತೂಕಕ್ಕೇ ನಿಂತು, ಗಾಳಿಯನ್ನು ಹಿಡಿದಿಟ್ಟುಕೊಳ್ಳಲಾಗದೆ ಒಣಗಿತು.