ಉಕ್ಕು ತಿನ್ನುವ ಗುಳ್ಳೆ, ಮದ್ದು ಮುಟ್ಟಿಸುವ ಗುಳ್ಳೆ

ನಮ್ಮೂರು ಅಣಶಿಯಿಂದ ಘಟ್ಟ ಇಳಿದರೆ ಕದ್ರಾ. ಅಲ್ಲಿ ಕಾಳಿ ನದಿಗೆ ಅಣೆಕಟ್ಟು, ಜೊತೆಗೆ 150 ಮೆಗಾವ್ಯಾಟ್‌ನ ಪವರ್‌ಹೌಸ್. ನೀರಿನ ಟರ್ಬೈನ್ ಇರೋ ಕಡೆಯೆಲ್ಲ ಇಂಜಿನಿಯರುಗಳಿಗೆ ಒಂದು ತಲೆನೋವು ಇದ್ದೇ ಇರುತ್ತದೆ: ಗುಳ್ಳೆ. ವೇಗವಾಗಿ ಹರಿಯುವ ನೀರಿನಲ್ಲಿ ಒತ್ತಡ ಥಟ್ಟನೆ ಇಳಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ, ಒತ್ತಡ ಏರಿದ ಕೂಡಲೇ ಕುಸಿಯುತ್ತವೆ. ಕುಸಿಯುವಾಗ ಕೊಡುವ ಪೆಟ್ಟಿಗೆ ಉಕ್ಕಿನ ಬ್ಲೇಡಿನಲ್ಲೂ ಗುಂಡಿ ಬೀಳುತ್ತದೆ. ಇದಕ್ಕೆ ಕ್ಯಾವಿಟೇಶನ್ ಅಂತಾರೆ. ಉಕ್ಕನ್ನೇ ತಿನ್ನುವ ಇಂಥ ಗುಳ್ಳೆಯ ಪುಟ್ಟ ತಮ್ಮನನ್ನು ಇವತ್ತು ಡಾಕ್ಟರುಗಳು ಬೇಕೆಂದೇ ನಮ್ಮ ರಕ್ತಕ್ಕೆ ಬಿಡುತ್ತಾರೆ. ಅದು ಹೇಗೆ ಅಲ್ಲಿಗೆ ಬಂತು ಅನ್ನೋದು ನೂರು ವರ್ಷದ ಕಥೆ.

ಗುಳ್ಳೆ ಕುಸಿಯುವಾಗ ಎಷ್ಟು ಒತ್ತಡ ಹುಟ್ಟುತ್ತದೆ ಎಂದು 1917ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇಂಗ್ಲೆಂಡಿನ ಲಾರ್ಡ್ ರ‍್ಯಾಲಿ. ಆಗಿನ ಚಿಂತೆ ಕಾಯಿಲೆಯದ್ದಲ್ಲ, ಸವೆಯುತ್ತಿದ್ದ ಹಡಗಿನ ಪ್ರೊಪೆಲ್ಲರುಗಳದ್ದು.

ಮುಂದಿನ ಹೆಜ್ಜೆ ಇಟ್ಟಿದ್ದು ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿದ್ದ ಖಗೋಳ ವಿಜ್ಞಾನಿ ಮಾರ್ಸೆಲ್ ಮಿನಾರ್ಟ್. ಮಳೆಗಾಲದಲ್ಲಿ ನಮ್ಮ ಕಡೆಯ ಹಳ್ಳಗಳ ಜುಳುಜುಳು ಕೇಳಿದವರು ಅದು ನೀರು ಕಲ್ಲಿಗೆ ಬಡಿಯುವ ಸದ್ದು ಅಂದುಕೊಳ್ತಾರೆ. ಅಲ್ಲ, ನೀರಿನೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಗಂಟೆಯ ಹಾಗೆ ಕಂಪಿಸುವ ಸದ್ದು ಎಂದು ಮಿನಾರ್ಟ್ 1933ರಲ್ಲಿ ತೋರಿಸಿದರು. ಗುಳ್ಳೆ ಚಿಕ್ಕದಾದಷ್ಟೂ ಸ್ವರ ಏರುತ್ತದೆ. 3 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 1,000 ಸಲ ಕಂಪಿಸುತ್ತದೆ. ಅದೇ ಸೂತ್ರಕ್ಕೆ 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ, ಹಾಕಿ ನೋಡಿ: ಸುಮಾರು 30 ಲಕ್ಷ ಸಲ!

ಈ ಅಂಕಿಯಲ್ಲೇ ಮಜಾ ಇರೋದು. ಆಸ್ಪತ್ರೆಯ ಅಲ್ಟ್ರಾಸೌಂಡ್ ಯಂತ್ರ ಕೆಲಸ ಮಾಡೋದು ಇದೇ ಲಕ್ಷಗಳ ಲೆಕ್ಕದ ಕಂಪನದಲ್ಲಿ. ನಮ್ಮ ಕೆಂಪು ರಕ್ತಕಣದ ಅಗಲ 7–8 ಮೈಕ್ರಾನ್. ಹಾಗಾಗಿ ಅತಿ ಸಣ್ಣ ರಕ್ತನಾಳದಲ್ಲೂ ನುಸುಳಬಲ್ಲ ಗುಳ್ಳೆಯ ಸ್ವರ ಸ್ಕ್ಯಾನರಿನ ಸ್ವರಕ್ಕೆ ತಾನಾಗೇ ಕೂಡುತ್ತದೆ. ಯಾರೂ ಡಿಸೈನ್ ಮಾಡಿದ್ದಲ್ಲ, ಪ್ರಕೃತಿಯ ಕೊಡುಗೆ.

ಆದರೆ ಗುಳ್ಳೆ ಆಸ್ಪತ್ರೆಗೆ ಬಂದಿದ್ದು ಸೂತ್ರದ ಕೈ ಹಿಡಿದು ಅಲ್ಲ. 1968ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ರೇಮಂಡ್ ಗ್ರೇಮಿಯಾಕ್ ಮತ್ತು ಪ್ರವೀಣ್ ಶಾ ಹೃದಯದ ಅಲ್ಟ್ರಾಸೌಂಡ್ ಮಾಡುತ್ತಾ ಕ್ಯಾತಿಟರ್ ಮೂಲಕ ಹಸಿರು ಬಣ್ಣದ ದ್ರವ ಬಿಟ್ಟರು. ಮಹಾಪಧಮನಿಯ ಜಾಗದಲ್ಲಿ ಪ್ರತಿಧ್ವನಿಯ ಮೋಡ ಎದ್ದಿತು. ಕಾರಣ ಬಣ್ಣವಲ್ಲ, ದ್ರವದ ಜೊತೆ ಸೇರಿಕೊಂಡ ಗುಳ್ಳೆಗಳು. ಸಲೈನನ್ನು ಚೆನ್ನಾಗಿ ಕಲಕಿ ಕೊಟ್ಟರೂ ಅದೇ ಮೋಡ. ಹೃದಯದ ಗೋಡೆಯಲ್ಲಿ ತೂತು ಇದೆಯಾ ಅಂತ ನೋಡೋಕೆ ಎರಡು ಸಿರಿಂಜಿನ ನಡುವೆ ಸಲೈನನ್ನು ಹಿಂದೆ ಮುಂದೆ ತಳ್ಳಿ ಗುಳ್ಳೆ ಎಬ್ಬಿಸಿ ಕೊಡುವ ಪದ್ಧತಿ ಈಗಲೂ ಇದೆ.

ಆ ಗುಳ್ಳೆಗಳಿಗೆ ಒಂದು ಮಿತಿ. ತೋಳಿನ ನರಕ್ಕೆ ಕೊಟ್ಟರೆ ಹೃದಯದ ಬಲಭಾಗದ ತನಕ ಹೋಗಿ ಶ್ವಾಸಕೋಶದಲ್ಲೇ ಕಳೆದುಹೋಗುತ್ತಿದ್ದವು. 1984ರಲ್ಲಿ ಸ್ಟೀವನ್ ಫೈನ್‌ಸ್ಟೈನ್ ಮತ್ತು ಸಂಗಡಿಗರು ಅಲ್ಟ್ರಾಸೌಂಡಿನಿಂದಲೇ ಸಣ್ಣ, ಒಂದೇ ಸಮನಾದ ಗುಳ್ಳೆ ಮಾಡುವ ದಾರಿ ತೋರಿಸಿದರು. ಅಲ್ಬುಮಿನ್ ಪ್ರೋಟೀನಿನ ತೊಗಟೆ ಹೊದ್ದ ಗುಳ್ಳೆ ‘ಆಲ್ಬ್ಯುನೆಕ್ಸ್’ ಹೆಸರಿನಲ್ಲಿ 1994ರಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು. ಒಳಗಿನ ಗಾಳಿ ರಕ್ತದಲ್ಲಿ ಬೇಗ ಕರಗುತ್ತಿತ್ತು. ಆಮೇಲೆ ಸುಲಭಕ್ಕೆ ಕರಗದ ಭಾರದ ಅನಿಲಗಳು ಬಂದವು. 2001ರಲ್ಲಿ ಯುರೋಪಿಗೆ ಬಂದ ‘ಸೋನೋವ್ಯೂ’ ಒಳಗಿರೋದು ಸಲ್ಫರ್ ಹೆಕ್ಸಾಫ್ಲೋರೈಡ್. ದೊಡ್ಡ ಸ್ವಿಚ್‌ಯಾರ್ಡುಗಳ ಸರ್ಕ್ಯೂಟ್ ಬ್ರೇಕರಿಗೆ ತುಂಬುವ ಅನಿಲವೇ ಅದು! ಕೆಲಸ ಮುಗಿದ ಮೇಲೆ ಈ ಅನಿಲ ಉಸಿರಿನಲ್ಲೇ ಹೊರಹೋಗುತ್ತದೆ, ಕಿಡ್ನಿಗೆ ಹೊರೆಯಿಲ್ಲ.

ದಾರಿಯಲ್ಲಿ ಭಯವೂ ಎದುರಾಯಿತು. ಇಂಥ ಗುಳ್ಳೆ ಕೊಟ್ಟ ಸ್ವಲ್ಪ ಹೊತ್ತಿಗೆ ಕೆಲವರು ತೀರಿಕೊಂಡ ವರದಿಗಳ ಮೇಲೆ 2007ರಲ್ಲಿ ಅಮೆರಿಕದ ಎಫ್‌ಡಿಎ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿತು. ಗಂಭೀರ ಕಾಯಿಲೆಯವರಿಗೇ ಇದನ್ನು ಹೆಚ್ಚು ಕೊಡುತ್ತಿದ್ದರು. ಸಾವು ಗುಳ್ಳೆಯಿಂದಲೋ ಕಾಯಿಲೆಯಿಂದಲೋ ಅನ್ನೋದೇ ಪ್ರಶ್ನೆ. ಮರುವರ್ಷ ನಿರ್ಬಂಧ ಸಡಿಲವಾಯಿತು.

ಇಲ್ಲಿಯವರೆಗೆ ಗುಳ್ಳೆ ಬರೀ ದೀಪ. ಅದು ಮದ್ದಿನ ದಾರಿಯಾಗಿದ್ದು ಹೇಗೆ? ನಮ್ಮ ದೊಡ್ಡಮ್ಮನಿಗೆ ಕೀಮೋ ನಡೀತಿದ್ದಾಗ ಅವರು ಕೇಳಿದ ಪ್ರಶ್ನೆ ನನಗೆ ಎಲ್ಲ ಪ್ರಬಂಧಗಳಿಗಿಂತ ದೊಡ್ಡದು ಅನ್ನಿಸ್ತದೆ: “ಗಡ್ಡೆ ಇರೋದು ಎದೆಯಲ್ಲಿ, ತಲೆಕೂದಲು ಯಾಕೆ ಉದುರ್ತದೆ ತಮಾ?” ಮದ್ದಿಗೆ ವಿಳಾಸ ಗೊತ್ತಿಲ್ಲ. ರಕ್ತ ಹರಿದಲ್ಲೆಲ್ಲ ಹೋಗುತ್ತದೆ, ಬೇಗ ಬೇಗ ಬೆಳೆಯುವ ಜೀವಕೋಶ ಎಲ್ಲಿದ್ದರೂ ಹೊಡೆಯುತ್ತದೆ.

ಮಿದುಳಿನದ್ದು ಉಲ್ಟಾ ಕಥೆ. ಮದ್ದು ಮೈಯೆಲ್ಲ ಸುತ್ತಿದರೂ ಅಲ್ಲಿಗೆ ಮಾತ್ರ ಸರಿಯಾಗಿ ಮುಟ್ಟುವುದಿಲ್ಲ. ಮಿದುಳಿನ ರಕ್ತನಾಳಗಳ ಗೋಡೆ ಕಾಡಿನ ಚೆಕ್‌ಪೋಸ್ಟಿನ ಹಾಗೆ ಹೆಚ್ಚಿನ ಮದ್ದುಗಳನ್ನು ತಡೆದು ನಿಲ್ಲಿಸುತ್ತದೆ. 2001ರಲ್ಲಿ ಕುಲ್ಲೆರ್ವೊ ಹೈನಿನೆನ್ ತಂಡ ಮೊಲಗಳ ರಕ್ತಕ್ಕೆ ಗುಳ್ಳೆ ಬಿಟ್ಟು, ಮಿದುಳಿನ ಒಂದೇ ಜಾಗಕ್ಕೆ ಅಲ್ಟ್ರಾಸೌಂಡ್ ಗುರಿಯಿಟ್ಟಿತು. ಆ ಜಾಗದ ಗುಳ್ಳೆಗಳು ಹಿಗ್ಗಿ ಕುಗ್ಗಿ ಗೋಡೆಯನ್ನು ಅಲ್ಲಾಡಿಸಿದವು, ಗೇಟು ಕೆಲವು ಗಂಟೆ ಸಡಿಲವಾಗಿ ಮತ್ತೆ ಮುಚ್ಚಿಕೊಂಡಿತು. 2015ರ ನವೆಂಬರಿನಲ್ಲಿ ಟೊರಾಂಟೊದ ಸನ್ನಿಬ್ರೂಕ್ ಆಸ್ಪತ್ರೆಯಲ್ಲಿ, ತಲೆಬುರುಡೆ ಕೊರೆಯದೆ, ಮಿದುಳು ಗಡ್ಡೆಯ ರೋಗಿಯೊಬ್ಬರಲ್ಲಿ ಇದನ್ನು ಮಾಡಿದರು. ಟರ್ಬೈನ್ ಬ್ಲೇಡನ್ನು ಹಾಳು ಮಾಡುವ ಬಲವನ್ನೇ ಅಳತೆ ಮಾಡಿ, ಪಳಗಿಸಿ, ನಾಳ ಒಡೆಯದಷ್ಟು ಮಾತ್ರ ಬಳಸಿದ್ದು ಇದು. ರ‍್ಯಾಲಿಯ ಲೆಕ್ಕದಿಂದ ಇಲ್ಲಿಗೆ 98 ವರ್ಷ.

ಗುಳ್ಳೆಯ ತೊಗಟೆಗೇ ಮದ್ದು ಅಂಟಿಸಿ, ಗಡ್ಡೆಯ ಹತ್ತಿರ ಹೋದಾಗ ಅಲ್ಟ್ರಾಸೌಂಡಿನಿಂದ ಒಡೆಯುವ ಪ್ರಯತ್ನವೂ ನಡೆದಿದೆ. ಆದರೆ ಅದು ಇನ್ನೂ ಮಾಮೂಲಿ ಚಿಕಿತ್ಸೆ ಆಗಿಲ್ಲ. ಟೊರಾಂಟೊದಲ್ಲೂ ಮೊದಲು ನೋಡಿದ್ದು ಗೇಟನ್ನು ಅಪಾಯವಿಲ್ಲದೆ ತೆರೆಯಬಹುದಾ ಅನ್ನೋದನ್ನ, ಕ್ಯಾನ್ಸರ್ ವಾಸಿಯಾಗುತ್ತಾ ಅನ್ನೋದನ್ನಲ್ಲ. ಎರಡರ ನಡುವೆ ಬಹಳ ದೂರವಿದೆ. ‘ಗುಳ್ಳೆಯಿಂದ ಕ್ಯಾನ್ಸರ್ ಮಾಯ’ ಅನ್ನೋ ಫಾರ್ವರ್ಡು ಒಂದಲ್ಲ ಒಂದು ದಿನ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬರುತ್ತದೆ. ಆವಾಗ ಮೂರು ಪ್ರಶ್ನೆ ಕೇಳಿ: ಪ್ರಯೋಗ ಮೊಲದ ಮೇಲೋ ಮನುಷ್ಯರ ಮೇಲೋ? ಎಷ್ಟು ಜನರ ಮೇಲೆ? ಅವರು ಹೆಚ್ಚು ದಿನ ಬದುಕಿದರಾ? ಮನೆಯಲ್ಲಿ ಕೀಮೋ ನಡೆಯುತ್ತಿರುವವರು ಆ ಮೆಸೇಜನ್ನು ಓದಿ ಚಿಕಿತ್ಸೆ ಅರ್ಧಕ್ಕೆ ಬಿಡಬಾರದು ನೋಡಿ, ಅದಕ್ಕೆ.