ಲೇಸರ್ ಪಾಯಿಂಟರಿನ ನಿಜವಾದ ಸಾಮರ್ಥ್ಯ: ಕಿರಣಮಾಪನದ ಚರಿತ್ರೆಯಲ್ಲಿ ಒಂದು ವಿಚಾರ

ಉಪನ್ಯಾಸಮಂದಿರಗಳಲ್ಲಿ ಪರದೆಯ ಮೇಲಿನ ಅಕ್ಷರಗಳನ್ನು ತೋರಿಸುವುದಕ್ಕೆ ಬಳಸುವ ಲೇಸರ್ ಪಾಯಿಂಟರಿನ ಮೇಲೆ ಅದರ ಸಾಮರ್ಥ್ಯವನ್ನು ಮಿಲಿವಾಟುಗಳಲ್ಲಿ ನಮೂದಿಸಿರುವುದುಂಟು. ಆ ಸಂಖ್ಯೆ ಸತ್ಯವೆ? ಕಾಣುವ ಪ್ರಭೆಯಿಂದ ಅದನ್ನು ನಿರ್ಣಯಿಸಬಹುದೆ? ಪ್ರಶ್ನೆಯು ಅಲ್ಪವೆಂದು ತೋರಿದರೂ ಇದಕ್ಕೆ ಉತ್ತರವು ಸುಮಾರು ಮುನ್ನೂರು ವರ್ಷಗಳ ಶೋಧನೆಯಿಂದ ದೊರೆತಿದೆ. ನೋಡುವವರ ಕಣ್ಣಿನ ಕ್ಷೇಮವೂ ಅದನ್ನೇ ಅವಲಂಬಿಸಿದೆ.

ಫ್ರಾನ್ಸ್ ದೇಶದ ಪಿಯರ್ ಬೂಗೇರನು 1729ರಲ್ಲಿ ಪ್ರಕಟಿಸಿದ ಗ್ರಂಥವು ಈ ಶಾಸ್ತ್ರಕ್ಕೆ ಅಸ್ತಿಭಾರವೆನ್ನಬಹುದು. ಒಂದು ಬೆಳಕು ಮತ್ತೊಂದಕ್ಕಿಂತ ಎಷ್ಟು ಪಾಲು ಹೆಚ್ಚೆಂದು ಕಣ್ಣು ಹೇಳಲಾರದು. ಒತ್ತಿನಲ್ಲಿರುವ ಎರಡು ತಲಗಳು ಸಮನಾಗಿ ಬೆಳಗುತ್ತಿವೆಯೆ ಎಂಬುದನ್ನು ಮಾತ್ರ ಅದು ಚೆನ್ನಾಗಿ ಬಲ್ಲುದು. ಆದುದರಿಂದ ಎರಡು ಬೆಳಕುಗಳನ್ನು ಸಮಗೊಳಿಸಿ ಅಳೆಯುವುದೇ ಯುಕ್ತವಾದ ಮಾರ್ಗವಾಯಿತು.

ಆದರೆ ಈ ಮಾರ್ಗದಿಂದ ತಿಳಿಯುವುದು ಪ್ರಭೆಯೇ ಹೊರತು ಕಿರಣವು ಹೊತ್ತುತರುವ ಶಕ್ತಿಯಲ್ಲ. 1800ರಲ್ಲಿ ವಿಲಿಯಂ ಹರ್ಷೆಲನು ಸೂರ್ಯನ ವರ್ಣಪಟಲದಲ್ಲಿ ಉಷ್ಣಮಾಪಕಗಳನ್ನಿರಿಸಿ, ಕೆಂಪಿನ ಆಚೆ, ಏನೂ ಕಾಣದ ಸ್ಥಳದಲ್ಲಿಯೂ ಶಾಖವು ಏರುವುದನ್ನು ಕಂಡನು. ಕಣ್ಣಿನ ಸಾಕ್ಷ್ಯವು ಅಪೂರ್ಣವೆಂಬುದು ಅಂದೇ ಸಿದ್ಧವಾಯಿತು. ಕಾಣುವ ಬಣ್ಣಗಳಲ್ಲಿಯೂ ಅದು ಪಕ್ಷಪಾತಿಯೇ. ಸಮಾನ ಸಾಮರ್ಥ್ಯದ ಎರಡು ಕಿರಣಗಳಲ್ಲಿ 532 ನ್ಯಾನೋಮೀಟರಿನ ಹಸುರು 650 ನ್ಯಾನೋಮೀಟರಿನ ಕೆಂಪಿಗಿಂತ ಸುಮಾರು 8 ಪಾಲು ಉಜ್ಜ್ವಲವಾಗಿ ತೋರುತ್ತದೆ.

ಬೂಗೇರನ ಸಮತೆಯ ತತ್ತ್ವವನ್ನು ಕಣ್ಣಿನಿಂದ ಬಿಡಿಸಿ ಶಾಖಕ್ಕೆ ಅನ್ವಯಿಸಿದ ಕೀರ್ತಿ ಸ್ವೀಡನ್ನಿನ ಕ್ನೂಟ್ ಆಂಗ್‌ಸ್ಟ್ರಾಮನಿಗೆ ಸಲ್ಲತಕ್ಕದ್ದು. 1893ರಲ್ಲಿ ಅವನು ವಿವರಿಸಿದ ಯಂತ್ರದಲ್ಲಿ ಕಪ್ಪು ಬಳಿದ ಎರಡು ಲೋಹದ ಪಟ್ಟಿಗಳಿದ್ದುವು. ಒಂದರ ಮೇಲೆ ಬಿಸಿಲು ಬೀಳುವುದು. ನೆರಳಿನಲ್ಲಿದ್ದ ಮತ್ತೊಂದನ್ನು ವಿದ್ಯುತ್ಪ್ರವಾಹದಿಂದ ಅಷ್ಟೇ ಬಿಸಿಮಾಡುವುದು. ಎರಡರ ಶಾಖವೂ ಸಮವಾದಾಗ, ವ್ಯಯವಾದ ವಿದ್ಯುತ್ತಿನ ಲೆಕ್ಕವೇ ಕಿರಣದ ಲೆಕ್ಕ. ಬಣ್ಣದ ಪಕ್ಷಪಾತಕ್ಕೆ ಇಲ್ಲಿ ಎಡೆಯಿಲ್ಲ.

1960ರಲ್ಲಿ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದ ಮೇಲೆ ಈ ಶಾಖಮಾರ್ಗವೇ ಲೇಸರಿನ ಮಾಪನಕ್ಕೂ ಆಧಾರವಾಯಿತು. ಕೈಯಲ್ಲಿ ಹಿಡಿಯುವ ಹಸುರು ಪಾಯಿಂಟರಿನಲ್ಲಿ ಅದರ ಅಗತ್ಯವು ಸ್ಪಷ್ಟವಾಗಿ ಕಾಣುತ್ತದೆ. ಸಾಮಾನ್ಯವಾಗಿ ಅದರೊಳಗೆ 808 ನ್ಯಾನೋಮೀಟರಿನ ಕಾಣದ ಕಿರಣವು ಒಂದು ಹರಳನ್ನು ಪ್ರಚೋದಿಸಿ 1064 ನ್ಯಾನೋಮೀಟರಿನ ಕಿರಣವನ್ನು ಹುಟ್ಟಿಸುವುದು. ಇನ್ನೊಂದು ಹರಳು ಅದನ್ನು 532ಕ್ಕೆ ಇಳಿಸಿ ಹಸುರಾಗಿಸುವುದು. ಹರಳುಗಳ ಜೋಡಣೆ ಕೆಟ್ಟು, ಅವಕೆಂಪನ್ನು ತಡೆಯುವ ಶೋಧಕವೂ ಇಲ್ಲದಿದ್ದರೆ, ಹಸುರು ಮಂಕಾಗಿದ್ದರೂ ಕಾಣದ ಕಿರಣಗಳು ಧಾರಾಳವಾಗಿ ಹೊರಬೀಳುವುವು.

ಇದು ಬರಿಯ ಊಹೆಯಲ್ಲ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯವರು, 10 ಮಿಲಿವಾಟೆಂದು ಮಾರಲಾಗಿದ್ದ ಒಂದು ಮಂಕು ಹಸುರು ಪಾಯಿಂಟರಿನಿಂದ ಸುಮಾರು 20 ಮಿಲಿವಾಟಿನಷ್ಟು ಅವಕೆಂಪು ಹೊರಡುತ್ತಿದ್ದುದನ್ನು ವರದಿಮಾಡಿದರು. 2013ರಲ್ಲಿ ಅದೇ ಸಂಸ್ಥೆಯು 122 ಪಾಯಿಂಟರುಗಳನ್ನು ಪರೀಕ್ಷಿಸಿದಾಗ ಹಸುರಿನವುಗಳಲ್ಲಿ ನೂರಕ್ಕೆ ಸುಮಾರು 90, ಕೆಂಪಿನವುಗಳಲ್ಲಿ ನೂರಕ್ಕೆ ಸುಮಾರು 44 ಅಲ್ಲಿಯ ರಕ್ಷಣಾನಿಯಮಗಳನ್ನು ಮೀರಿದ್ದುವು. ಆ ನಿಯಮದಂತೆ ಗೋಚರ ಕಿರಣಕ್ಕೆ ವಿಧಿಸಿದ ಮಿತಿ 5 ಮಿಲಿವಾಟು. ಶಾಖವನ್ನು ಗ್ರಹಿಸುವ ಮಾಪಕವೂ ಬಣ್ಣಗಳನ್ನು ಬೇರ್ಪಡಿಸುವ ಶೋಧಕಗಳೂ ಆ ಪರೀಕ್ಷೆಗೆ ಸಾಧನಗಳಾಗಿದ್ದುವು.

ಪ್ರಖರವಾದ ಬೆಳಕಿಗೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಕಾಣದ ಕಿರಣಕ್ಕೆ ಆ ರಕ್ಷಣೆಯಿಲ್ಲ. ಆದಕಾರಣ ಮಂಕಾಗಿ ತೋರುವ ಪಾಯಿಂಟರನ್ನು ನಿರಪಾಯವೆಂದು ತಿಳಿಯುವುದು ಸಲ್ಲದು. ನಮೂದಿಸಿದ ಸಂಖ್ಯೆಯು ತಯಾರಕರ ಹೇಳಿಕೆ ಮಾತ್ರ, ಪ್ರಭೆಯು ಕಣ್ಣಿನ ಅಭಿಪ್ರಾಯ ಮಾತ್ರ. ಶೋಧಕದಿಂದ ವಿಂಗಡಿಸಿ ಶಾಖದಿಂದ ತೂಗಿದ ಬಳಿಕ ದೊರೆಯುವುದೇ ಕಿರಣದ ನಿಜವಾದ ಸಾಮರ್ಥ್ಯ.